ಐವರು ಪಾಂಡವರನ್ನು ನುಂಗಿದ ಫಾರಂ

ಮಹಾಜನಗಳೇ, ಎದೆಯಲ್ಲಿನ್ನೂ ನಗಾರಿ ಬಡಿಯುತ್ತಿದೆ! ಬನಶಂಕರಿಯ ನಾಟಕ ಸ್ಪರ್ಧೆಗೆ ಹೆಸರು ಕೊಡಲು ಇಂದು ಸಂಜೆ ಐದು ಗಂಟೆಯೇ ಗಡುವು. ಅದರ ವೆಬ್ ಫಾರಂ ಅನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ನಾನು. ನಾಲ್ಕೂವರೆಗೆ ಜೆಪಿ ನಗರದ ತಂಡದ ಧರ್ಮರಾಯನ ಪಾತ್ರಧಾರಿ ಫೋನಿನಲ್ಲಿ ಘರ್ಜಿಸಿದರು: "ಸಾರ್, ಪಾಂಡವರು ಐದು ಜನ ಇದೀವಿ. ನಿಮ್ಮ ಫಾರಂ ಒಬ್ನೇ ನಟ ಅಂತ ವಾಪಸ್ ಕಳಿಸ್ತಿದೆ!"

ಫಾರಂನಲ್ಲಿ ತಂಡದ ನಟರ ಹೆಸರು ತುಂಬುವ ಸಾಲುಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವುದನ್ನೇ ನಾನು ಮರೆತಿದ್ದೆ. ಐವರ ಹೆಸರೂ ಕಾಮಾ ಹಾಕಿಕೊಂಡು ಒಬ್ಬನೊಳಗೇ ಹೊಕ್ಕಿದ್ದವು! ಬೆವರೊರೆಸುತ್ತ ಸಾಲಿಗೊಂದು ಸಂಖ್ಯೆ ಕೊಟ್ಟೆ. ಐದಕ್ಕೆ ಎರಡು ನಿಮಿಷವಿರುವಾಗ ಅರ್ಜಿ ಸೇರಿತು.

ಮತ್ತೆ ಫೋನು. "ಅಲ್ಲಾ ಸಾರ್, ಹಿರಿಯಣ್ಣ ನಾನು. ನನ್ನ ಹೆಸರಿನ ಮುಂದೆ ಸೊನ್ನೆ ಹಾಕಿದೀರಲ್ಲ!"

ಜಾವಾದಲ್ಲಿ ಎಣಿಕೆ ಸೊನ್ನೆಯಿಂದಲೇ ಶುರು ಎಂದು ಧರ್ಮರಾಯನಿಗೆ ಹೇಳುವ ಧೈರ್ಯ ಯಾರಿಗಿದೆ? "ಅದು ಕಿರೀಟ ಸಾರ್" ಎಂದುಬಿಟ್ಟೆ.