ಎಸ್. ಎಸ್. ಡಬ್ಬಿ

ಹೋದ ವಾರ ಅಟ್ಟ ಗುಡಿಸುವಾಗ ಒಂದು ಸ್ಟೀಲ್ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಎರಡಕ್ಷರ: ಎಸ್. ಎಸ್. ಹೆಂಡತಿ ಕನ್ನಡಕ ಏರಿಸಿ ನೋಡಿ, 'ಸ್ಟೇನ್‌ಲೆಸ್ ಸ್ಟೀಲ್ ಅಂತ ಕಣ್ರೀ' ಎಂದಳು. ಹದಿನಾಲ್ಕರ ಮಗ ಮೊಬೈಲಿನಿಂದ ತಲೆ ಎತ್ತದೆ, 'ಪಪ್ಪಾ, ಎಸ್ಎಸ್ ಮತ್ಲಬ್ ಸ್ಕ್ರೀನ್‌ಶಾಟ್' ಎಂದ. ಮುಂಬಯಿ ಪಕ್ಕದ ನಮ್ಮ ಠಾಕುರ್ಲಿಯ ಕಟ್ಟಡದ ನೋಟಿಸುಗಳಲ್ಲಿ ಅದು ಸೊಸೈಟಿ ಸೆಕ್ರೆಟರಿ. ಆಫೀಸಿನಲ್ಲಿ ಸೇಲ್ಸ್ ಸಪೋರ್ಟ್, ಅಂದರೆ ದಿನವಿಡೀ ಬೈಸಿಕೊಳ್ಳುವ ನಾನು. ಇಷ್ಟೆಲ್ಲ ಇದ್ದರೂ ನನಗೆ ಹೊಳೆದದ್ದು ಸುಂದರಿ ಶೆಟ್ಟಿ.

ಸುಂದರಕ್ಕ, ನಾವು ಮೊದಲಿದ್ದ ಡೊಂಬಿವಲಿಯ ಹಳೇ ಕಟ್ಟಡದಲ್ಲಿ ನಮ್ಮ ಮೇಲಿನ ಮನೆಯವರು, ಉಡುಪಿ ಕಡೆಯವರು. ನಮ್ಮ ಮಗ ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಬಾಣಂತಿಗೆಂದು ದಿನವೂ ಮೆಂತೆಗಂಜಿ ಕಳಿಸಿದವರು ಅವರೇ. ಕೊನೆಯ ಡಬ್ಬಿ ನಮ್ಮಲ್ಲೇ ಉಳಿಯಿತು. ನಿಮಗೇ ಗೊತ್ತಲ್ಲ, ಕೊಟ್ಟವರ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು, ಚಿಟಿಕೆ ಸಕ್ಕರೆಯಾದರೂ ಇರಬೇಕು. ಅಂಥ ಉಪಕಾರಕ್ಕೆ ಚಿಟಿಕೆ ಸಕ್ಕರೆಯೇ ಎಂದು ನನ್ನ ಮೈಸೂರಿನ ಠೀವಿ ಅಡ್ಡ ಬಂತು. ನಾಮಕರಣದ ಹೋಳಿಗೆ ತುಂಬಿಸೋಣ ಎಂದುಕೊಂಡೆ. ಅವತ್ತು ಮಗುವಿಗೆ ಜ್ವರ. ದೀಪಾವಳಿಗೆ ಎಂದುಕೊಂಡೆ. ತಡವಾದಷ್ಟೂ ನಾಚಿಕೆ ಬೆಳೆಯಿತು. ಮೆಟ್ಟಿಲಲ್ಲಿ ಅವರ ಚಪ್ಪಲಿ ಸದ್ದು ಕೇಳಿದರೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಆಮೇಲೆ ಕಟ್ಟಡ ಕೆಡವಿದರು. ಅವರೊಂದು ಕಡೆ, ನಾವೊಂದು ಕಡೆ.

ಠಾಣೆಯ ನೌಪಾಡಾದ ಹೋಟೆಲೊಂದರ ಗಲ್ಲಾಪೆಟ್ಟಿಗೆ ಮುಂದೆ ಕೂರುವ ಅವರ ಯಜಮಾನರಿಂದ ನವಿ ಮುಂಬಯಿಯ ಸೀವುಡ್ಸಿನ ವಿಳಾಸ ಸಿಕ್ಕಿತು. ಭಾನುವಾರ ಡಬ್ಬಿ ತುಂಬ ಮೈಸೂರುಪಾಕು ಹಾಕಿಕೊಂಡು ಹೊರಟೆ. ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿದೆ. ಸೀಟು ಸಿಕ್ಕರೂ ಕೂರಲಾಗದೆ, ಬಾಗಿಲ ಬಳಿ ನಿಂತು ಕ್ಷಮೆಯ ಮಾತುಗಳನ್ನು ಉರುಹೊಡೆದೆ.

ಬಾಗಿಲು ತೆರೆದ ಸುಂದರಕ್ಕ ಡಬ್ಬಿಯ ಕಡೆ ನೋಡಲೇ ಇಲ್ಲ. ನನ್ನ ಬೆನ್ನ ಹಿಂದೆ, ಲಿಫ್ಟಿನ ಕಡೆ ಇಣುಕಿದರು.

'ಮಗ ಬರ್ಲಿಲ್ವಾ?'

'ಮನೇಲಿದಾನೆ ಅಕ್ಕ. ಡಬ್ಬಿ ಕೊಡೋದು ತುಂಬಾ ತಡ ಆಗೋಯ್ತು, ಅದಕ್ಕೇ ನಾನು...'

'ಡಬ್ಬಿ ಯಾರಿಗೆ ಬೇಕು ಮಾರಾಯ್ರೆ? ಮಗುವನ್ನು ಒಂದ್ಸಲ ಎತ್ತಿಕೊಳ್ಳುವ ಅಂತ ಎಷ್ಟು ಸಲ ಕೆಳಗೆ ಬಂದೆ. ನೀವು ಬಾಗಿಲು ತೆಗೀಲೇ ಇಲ್ಲ. ಒಳಗೆ ಅಳುವುದು ಮಾತ್ರ ಕೇಳ್ತಿತ್ತು.'

ಮೊಬೈಲಿನಲ್ಲಿ ಮಗನ ಫೋಟೊ ತೋರಿಸಿದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಈ ಭಾನುವಾರ ಅವನನ್ನು ಕರೆದುಕೊಂಡು ಮತ್ತೆ ಹೋಗುತ್ತಿದ್ದೇನೆ. ಏನು ಮಾಡಿ ಕೊಡಲಿ ಎಂದು ಹೆಂಡತಿ ಕೇಳುತ್ತಿದ್ದಾಳೆ. ಏನೂ ಬೇಡ, ಬರಿಗೈಯಲ್ಲೇ ಹೋಗುತ್ತೇವೆ ಎಂದಿದ್ದೇನೆ.