ಮೆಣಸಿನಕಾಯಿ ತೋರಿಸಿ ಕೊಂಡ ಲ್ಯಾಪ್‌ಟಾಪ್

ಓದಿದ ವಿಷಯ ನನಗೆ ಚೆನ್ನಾಗಿ ನೆನಪಿರುತ್ತದೆ. ಅದು ಯಾವುದರ ಬಗ್ಗೆ ಎಂಬುದು ಮಾತ್ರ ಮರೆತುಹೋಗುತ್ತದೆ. ಯಾವುದೋ ಒಂದು ಲ್ಯಾಪ್‌ಟಾಪಿನ ಕೀಲು ವರ್ಷ ತುಂಬುವುದರೊಳಗೆ ಸಡಿಲಾಗುತ್ತದೆ ಎಂದು ಎಲ್ಲೋ ಓದಿದ್ದೇನೆ. ಓದಿದ್ದು ಖಂಡಿತ. ಅದು ಕಪ್ಪು ಬಣ್ಣದ್ದೋ ಬೂದು ಬಣ್ಣದ್ದೋ ಎಂದು ಕೇಳಿದರೆ ಉತ್ತರವಿಲ್ಲ. ಸ್ವಲ್ಪ ಒತ್ತಿ ಕೇಳಿದರೆ, ಅದು ಲ್ಯಾಪ್‌ಟಾಪೋ ಕಪಾಟಿನ ಬಾಗಿಲೋ ಎಂಬ ಅನುಮಾನವೂ ಬಂದೀತು.

ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಎಂದು ಧಾರವಾಡದಲ್ಲಿ ತತ್ವಶಾಸ್ತ್ರ ಓದುವಾಗಲೇ ಸಮಾಧಾನ ಮಾಡಿಕೊಂಡಿದ್ದೆ. ನಮ್ಮ ಹಳೆಯ ತಾರ್ಕಿಕರು ಕಣ್ಣಾರೆ ಕಂಡದ್ದಕ್ಕೂ, ಊಹಿಸಿ ತಿಳಿದದ್ದಕ್ಕೂ, ನಂಬಬಹುದಾದವರು ಹೇಳಿದ್ದಕ್ಕೂ ಪಂಕ್ತಿಯಲ್ಲಿ ಎಲೆ ಹಾಕಿದರು. ನೆನಪನ್ನು ಮಾತ್ರ ಹೊರಗೆ ನಿಲ್ಲಿಸಿದರು. ಅದು ಪ್ರಮಾಣವಲ್ಲ, ಅರಿವಿಗೆ ಆಧಾರವಲ್ಲ ಎಂದರು. ಇದನ್ನೂ ನಾನು ನೆನಪಿನಿಂದಲೇ ಹೇಳುತ್ತಿರುವುದರಿಂದ ನೀವು ಪೂರ್ತಿ ನಂಬಬೇಕಾಗಿಲ್ಲ.

ನಮ್ಮ ಮನೆಗೆ ಲ್ಯಾಪ್‌ಟಾಪು ಬೇಕಾದದ್ದು ನನ್ನ ಹೆಂಡತಿ ಗಿರಿಜಾಗೆ. ನಾವಿರುವ ಹಾವೇರಿಯ ಒಂದು ಪ್ರೆಸ್ಸಿನಲ್ಲಿ ಹಲವು ವರ್ಷ ಮದುವೆ ಪತ್ರಿಕೆ, ಬ್ಯಾನರು, ಬೀಜದ ಪಾಕೀಟು ಮಾಡಿಕೊಟ್ಟವಳು ಈಗ ಕೆಲಸ ಬಿಟ್ಟು ಸ್ವಂತವಾಗಿ ಡಿಸೈನ್ ಮಾಡುತ್ತಾಳೆ. ಮನೆಯ ಮೂಲೆಯಲ್ಲಿ ಅವಳದೊಂದು ದೊಡ್ಡ ಕಂಪ್ಯೂಟರ್ ಇದೆ. ಅದು ಒಳ್ಳೆಯದೇ, ಆದರೆ ಕದಲುವುದಿಲ್ಲ. ನಮ್ಮ ಕಡೆಯ ಗಿರಾಕಿಗಳೋ, ಫೋನಿನಲ್ಲಿ ಕಳಿಸಿದ ಡಿಸೈನನ್ನು ನೋಡುತ್ತಾರೆಯೇ ಹೊರತು ಒಪ್ಪುವುದಿಲ್ಲ. ಒಪ್ಪಬೇಕಾದರೆ ಅವರ ಅಂಗಡಿಗೇ ಹೋಗಿ, ಅವರ ಮಗ್ಗುಲಲ್ಲಿ ಕೂತು, ಚಹಾ ಕುಡಿಯುತ್ತ, ಅವರು ಬೆರಳು ಮಾಡಿ ತೋರಿಸಿದ್ದನ್ನು ಅವರ ಕಣ್ಣೆದುರೇ ತಿದ್ದಬೇಕು. ತಮ್ಮ ಎದುರಿಗೆ ತಿದ್ದಿದರೆ ಅದು ತಾವೇ ಮಾಡಿದ್ದು ಎಂಬ ಭಾವ ಬರುತ್ತದೆ. ಈ ಪದ್ಧತಿಯನ್ನು ನಾನು ಗೇಲಿ ಮಾಡುತ್ತಿದ್ದೆ. ಗಿರಿಜಾ ಮಾಡಲಿಲ್ಲ, ತನ್ನ ತಮ್ಮನ ಹಳೆಯ ಲ್ಯಾಪ್‌ಟಾಪನ್ನು ಎರವಲು ತಂದು ತಿರುಗತೊಡಗಿದಳು.

ಆ ಲ್ಯಾಪ್‌ಟಾಪು ತೀರಿಕೊಂಡದ್ದು ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ. ಬ್ಯಾಡಗಿ ಬಸ್ಸು ಬಂದಾಗ ಅಲ್ಲಿನ ನೂಕುನುಗ್ಗಲು ನಿಮಗೆ ಗೊತ್ತಿರಬಹುದು. ಜನ ಬಾಗಿಲಿಗೆ ಮುತ್ತುವ ಮೊದಲೇ ಕಿಟಕಿಯಿಂದ ಟವೆಲ್ಲು, ಕೊಡೆ, ಚೀಲಗಳು ಒಳಗೆ ಹೋಗಿ ಸೀಟು ಹಿಡಿದಿರುತ್ತವೆ. ಹೆಂಗಸು ಒಬ್ಬಳೇ ನಿಂತಿದ್ದಾಳೆಂದು ಕನಿಕರಪಟ್ಟ ಹಿರಿಯರೊಬ್ಬರು, "ಕೊಡ್ರಿ ಅಕ್ಕಾರ, ನಿಮಗೊಂದು ಸೀಟ್ ಹಿಡೀತೇನಿ" ಎಂದು, ಅವಳು ಬೇಡ ಎನ್ನುವಷ್ಟರಲ್ಲಿ ಹೆಗಲಿನ ಚೀಲ ಕಸಿದು ಕಿಟಕಿಯೊಳಗೆ ತೂರಿದರು. ಸೀಟು ಸಿಕ್ಕಿತು. ಅದರ ಮೇಲೆ ಕೂತು ಚೀಲ ತೆರೆದರೆ ಪರದೆ ಜೇಡರ ಬಲೆಯಾಗಿತ್ತು. ಆ ಹಿರಿಯರು ಪಾಪ ಬ್ಯಾಡಗಿಯವರೆಗೂ ನಿಂತೇ ಬಂದರು ಎಂದು ಗಿರಿಜಾ ಆಮೇಲೆ ನನಗೆ ಹೇಳಿದಳು.

ಆವತ್ತು ಅವಳು ರಾಣೆಬೆನ್ನೂರಿನ ಗಿರಾಕಿಯೊಬ್ಬರನ್ನು ಕಂಡು ಅಲ್ಲಿಂದ ಹೊರಟಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವಿರೂಪಾಕ್ಷಪ್ಪನವರ ಅಂಗಡಿಗೆ. ಇಷ್ಟು ಕಾಲ ಚೀಲಗಟ್ಟಲೆ ಮಾರಿದವರು ಈಗ ತಮ್ಮದೇ ಹೆಸರಿನ ಪಾಕೀಟು ಮಾಡಿ ಮಾರಲು ಹೊರಟಿದ್ದರು. ಪಾಕೀಟಿನ ಮೇಲೆ ಅಂಟಿಸುವ ಚೀಟಿಯನ್ನು, ಅಂದರೆ ಲೇಬಲ್ಲನ್ನು, ಗಿರಿಜಾ ಮಾಡಬೇಕು. ಒಪ್ಪಿಗೆಯಾದರೆ ಮುಂದಿನ ಎಲ್ಲ ಕೆಲಸವೂ ಅವಳದು. ಪ್ರೆಸ್ಸು ಬಿಟ್ಟ ಮೇಲೆ ಅವಳ ಹೆಸರಿಗೆ ಬರುವ ಮೊದಲ ದೊಡ್ಡ ಕೆಲಸ. ಒಡೆದ ಪರದೆಯ ಸುದ್ದಿ ಕೇಳಿ ವಿರೂಪಾಕ್ಷಪ್ಪನವರು ಮರುಕಪಟ್ಟರು. ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಹುಬ್ಬಳ್ಳಿಯವರಿಗೆ ಕೊಡಬೇಕಾಗುತ್ತದೆ ಎಂದೂ ಮರುಕದಿಂದಲೇ ಹೇಳಿದರು.

ಹೀಗಾಗಿ ಲ್ಯಾಪ್‌ಟಾಪು ಗಟ್ಟಿಯಿರಬೇಕು, ಹಗುರವಿರಬೇಕು, ಚಿತ್ರದ ಕೆಲಸಕ್ಕೆ ಆಗಬೇಕು, ಮತ್ತು ಗಿರಿಜಾ ಸ್ವಂತ ದುಡಿಮೆಯಲ್ಲಿ ಉಳಿಸಿದ್ದರಲ್ಲೇ ಬರಬೇಕು. ನನ್ನ ಹಣ ಸೇರಿಸುವ ಮಾತೆತ್ತಿದಾಗ, ನೀವು ಓದಿ ಹೇಳಿದರೆ ಸಾಕು ಎಂದಳು. ನಾನು ಓದಿದೆ. ಒಬ್ಬ ವಿಮರ್ಶಕ, ಬೇರೆಯದೇ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮುಟ್ಟಲೇಬೇಡಿ ಎಂದಿದ್ದ. ಇನ್ನೊಬ್ಬ, ಚೀಟಿ-ಪೋಸ್ಟರಿನಂಥ ಕೆಲಸಕ್ಕೆ ಅದು ದಂಡ, ಆ ದುಡ್ಡನ್ನು ಒಳ್ಳೆಯ ಪರದೆಗೂ ಹೆಚ್ಚಿನ ರ‍್ಯಾಮಿಗೂ ಹಾಕಿ ಎಂದಿದ್ದ. ಮೂರನೆಯವ ಒಂದು ಮಾಡೆಲ್ಲಿನ ಮೇಲೆ ನಿಂತೇ ತೋರಿಸಿದ್ದ. ಎಲ್ಲರೂ ಸರಿಯೆಂದೇ ಕಂಡರು. ಸಂಶಯವಾದಿಯ ಕಷ್ಟವೇ ಇದು: ಯಾರನ್ನೂ ನಂಬದವನಿಗೆ ಕೊನೆಗೆ ಎಲ್ಲರೂ ಒಂದೇ ಸಮ ನಂಬಲರ್ಹರಾಗಿ ಕಾಣುತ್ತಾರೆ.

ಶನಿವಾರ ಇಬ್ಬರೂ ರಾಣೆಬೆನ್ನೂರಿನ ಲ್ಯಾಪ್‌ಟಾಪ್ ಅಂಗಡಿಗೆ ಹೋದೆವು. ನಾನು ತಲೆಯಲ್ಲಿ ವಿಮರ್ಶೆಗಳನ್ನು ತುಂಬಿಕೊಂಡು ಹೋಗಿದ್ದೆ. ಗಿರಿಜಾ ಒಂದು ಡಬ್ಬಿಯಲ್ಲಿ ವಿರೂಪಾಕ್ಷಪ್ಪನವರ ಅಂಗಡಿಯ ಒಣ ಮೆಣಸಿನಕಾಯಿ ತಂದಿದ್ದಳು, ಜೊತೆಗೆ ಅದೇ ಕಾಯಿಗಳ ಫೋಟೋ ಇದ್ದ ಪೆನ್‌ಡ್ರೈವು.

ಅಂಗಡಿಯ ಮಾಲೀಕರು ಮೊದಲು ತಂದದ್ದು ಆಟವಾಡುವವರ ಲ್ಯಾಪ್‌ಟಾಪು. ಕೀಬೋರ್ಡಿನ ಕೀಲಿಗಳ ಕೆಳಗೆ ದೀಪಾವಳಿ. ಗಿರಿಜಾ ಅದನ್ನು ತೆರೆಯಲೇ ಇಲ್ಲ. ಚಾರ್ಜರು ಸಮೇತ ಚೀಲಕ್ಕೆ ಹಾಕಿಸಿ, ಹೆಗಲಿಗೇರಿಸಿ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದವಳಂತೆ ಒಂದು ಕೈ ಎತ್ತಿಕೊಂಡು ಅಂಗಡಿಯ ನಡುವೆ ಸುಮ್ಮನೆ ನಿಂತಳು. ಮಾಲೀಕರು ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಚೀಲ ಇಳಿಸಿ, "ಇದು ಮೋಟೆಬೆನ್ನೂರ ತನಕ ಆಗತೈತ್ರಿ, ಬ್ಯಾಡಗಿ ತನಕ ಆಗೂದಿಲ್ಲ" ಎಂದಳು. ಮೋಟೆಬೆನ್ನೂರು ಬ್ಯಾಡಗಿಗೆ ಮೊದಲೇ ಸಿಗುವ ಊರು.

ಉಳಿದವನ್ನು ಬಾಗಿಲ ಬೆಳಕಿನ ಹತ್ತಿರ ಸಾಲಾಗಿ ಇಡಿಸಿ, ಎಲ್ಲದರಲ್ಲೂ ಅದೇ ಫೋಟೋ ತೆರೆದು, ಪ್ರತಿಯೊಂದರ ಮುಂದೆ ಒಂದೊಂದು ಮೆಣಸಿನಕಾಯಿ ಇಟ್ಟಳು. ಒಂದರ ಪರದೆಯಲ್ಲಿ ಕಾಯಿ ಇಟ್ಟಿಗೆ ಬಣ್ಣವಾಗಿತ್ತು. ಇನ್ನೊಂದು, ಬಹಳ ತೆಳ್ಳಗೆ ಬಹಳ ಚೆಂದಾಗಿದ್ದದ್ದು, ಅದನ್ನು ಗುಲಾಬಿಯ ವಂಶಕ್ಕೆ ಸೇರಿಸಿತ್ತು. ನನಗೆ ಅದೇ ಹಿಡಿಸಿತು. ಬ್ಯಾಡಗಿ ಕಾಯಿ ಎಂದರೆ ನನ್ನ ಮನಸ್ಸಿನಲ್ಲಿರುವುದು ಇದೇ ಬಣ್ಣ ಎಂದೆ. ಮನಸ್ಸಿನಲ್ಲಿರುವುದನ್ನು ಬಿಟ್ಟು ಮೇಜಿನ ಮೇಲಿರುವುದನ್ನು ನೋಡಬೇಕೆಂದಳು. ನೋಡೋಣವೆಂದು ಕಾಯಿಯನ್ನು ಎತ್ತಿ ಹೊರಳಿಸಿ ಪರೀಕ್ಷಿಸಿದೆ, ಆಮೇಲೆ ಅದೇ ಕೈಯಿಂದ ಕನ್ನಡಕ ಸರಿಸಿ ಕಣ್ಣು ಒರೆಸಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ನಾಲಗೆಗೆ ತಿಳಿದಿರುವ ವಿಷಯ. ಕಣ್ಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಲ್ಯಾಪ್‌ಟಾಪಿನ ಆಯ್ಕೆಯ ಉಳಿದ ಭಾಗವನ್ನು ನಾನು ಅಂಗಡಿಯ ಹಿಂದಿನ ನಲ್ಲಿಯ ಕೆಳಗೆ ಬಗ್ಗಿ ನಿಂತು ಕೇಳಿಸಿಕೊಂಡೆ.

ತಿರುಗಿ ಬರುವಷ್ಟರಲ್ಲಿ ಗಿರಿಜಾ ಒಂದು ಬೂದು ಬಣ್ಣದ್ದನ್ನು ಆರಿಸಿದ್ದಳು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ರ‍್ಯಾಮ್ ಬೇಕಾದಷ್ಟಿದೆ, ಲೋಹದ ಮೈ, ಒಂದು ಮೂಲೆ ಹಿಡಿದೆತ್ತಿದರೂ ಬಾಗುವುದಿಲ್ಲ. ಅದರ ಪರದೆಯ ಮುಂದಿನ ಕಾಯಿ ಯಾವುದು, ಒಳಗಿನದು ಯಾವುದು ಎಂದು ಒದ್ದೆ ಕಣ್ಣಿಗೆ ಗೊತ್ತಾಗಲಿಲ್ಲ. ಅದರ ಕೀಲಿನ ಬಗ್ಗೆ ಏನೋ ಓದಿದ್ದೆ ಎಂದು ಎಚ್ಚರಿಸಿದೆ.

"ಇದರ ಬಗ್ಗೇನ ಓದೀರೇನು?"

"ಇದರ ಬಗ್ಗೇನ ಅಂತ ಹೇಳಾಕ ಬರೂದಿಲ್ಲ."

"ಹಂಗಾದ್ರ ಬಿಲ್ ಮಾಡ್ರಿ" ಎಂದು ಮಾಲೀಕರತ್ತ ತಿರುಗಿದಳು.

ಸೋಮವಾರ ನಾನೂ ಜೊತೆಗೆ ಬ್ಯಾಡಗಿಗೆ ಹೋದೆ. ವಿರೂಪಾಕ್ಷಪ್ಪನವರ ಗಾದಿಯ ಮೇಲೆ ಲ್ಯಾಪ್‌ಟಾಪು ತೆರೆದಾಗ ಅವರ ಅಣ್ಣ, ಗುಮಾಸ್ತರು, ಕಾಯಿ ನೋಡಲು ಬಂದ ಗಿರಾಕಿಯೊಬ್ಬರು ಎಲ್ಲರೂ ಸುತ್ತ ಬಗ್ಗಿದರು. ನಡುನಡುವೆ ಯಾರಾದರೂ ಸೀನುತ್ತಿದ್ದರು. ಅಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಅಕ್ಷರ ದೊಡ್ಡದಾಯಿತು, ಬಸವಣ್ಣನ ಚಿತ್ರ ಮೇಲಕ್ಕೆ ಹೋಯಿತು, ಫೋನ್ ನಂಬರು ಕೆಳಕ್ಕೆ ಬಂತು. ಕೊನೆಗೆ ವಿರೂಪಾಕ್ಷಪ್ಪನವರು ನಾನು ಎದುರು ನೋಡುತ್ತಿದ್ದ ಮಾತು ಹೇಳಿದರು.

"ಎಲ್ಲಾ ಛಲೋ ಆತವ್ವಾ. ಕಾಯಿ ಮಾತ್ರ ಇನ್ನೊಂದಿಷ್ಟು ಕೆಂಪ ಮಾಡು. ನೋಡಿದವ್ರು ನಿಲ್ಲಬೇಕು."

ಗಿರಾಕಿ ಕೇಳಿದ ಮೇಲೆ ಮಾಡಲೇಬೇಕು. ಮಾಡದಿದ್ದರೆ ಕೆಲಸ ಹುಬ್ಬಳ್ಳಿಗೆ. ಮಾಡಿದರೆ ಲ್ಯಾಪ್‌ಟಾಪ್ ಅಂಗಡಿಯಲ್ಲಿ ನಿಜವಾದ ಬಣ್ಣಕ್ಕಾಗಿ ಅಷ್ಟು ಹುಡುಕಿದ್ದೆಲ್ಲ ವ್ಯರ್ಥ. ಗಿರಿಜಾ ವಾದ ಮಾಡಲಿಲ್ಲ. ಅವರು ಹೇಳಿದಷ್ಟೇ ಕೆಂಪು ಮಾಡಿದಳು. ಎಲ್ಲರೂ ತಲೆದೂಗಿದರು. ಆಮೇಲೆ ಪಕ್ಕದ ರಾಶಿಯಿಂದ ಅವರದೇ ಒಂದು ಕಾಯಿ ತೆಗೆದು ಪರದೆಯ ಚಿತ್ರಕ್ಕೆ ತಾಗಿಸಿ ಹಿಡಿದಳು. ಈಗಷ್ಟೇ ಮಿರಮಿರ ಮಿನುಗುತ್ತಿದ್ದ ಹೊಸ ಕಾಯಿ, ಹೋದ ವರ್ಷ ಎಲ್ಲೋ ಮೂಲೆಯಲ್ಲಿ ಉಳಿದದ್ದರಂತೆ ಮಂಕಾಗಿ ಕಂಡಿತು.

"ಮನೀಗೆ ಒಯ್ದು ಪಾಕೀಟ್ ಒಡದವ್ರು ಹಿಂಗ ನೋಡ್ತಾರ್ರಿ ಅಣ್ಣಾರ" ಎಂದಳು. "ನಿಮ್ಮ ಮಾಲಿಗೆ ಏನೂ ಕಡಿಮಿ ಇಲ್ಲ. ಚೀಟಿನ ಅದನ್ನ ಕಡಿಮಿ ಮಾಡಬಾರದು."

ವಿರೂಪಾಕ್ಷಪ್ಪನವರು ಕಾಯಿಯನ್ನು ಅವಳ ಕೈಯಿಂದ ಇಸಿದುಕೊಂಡು ತಾವೇ ಹಿಡಿದು ನೋಡಿದರು. ಅಣ್ಣನಿಗೆ ಕೊಟ್ಟರು. ಅಣ್ಣ ನೋಡಿದರು. ಒಳ್ಳೆಯ ಕಾಯಿಯನ್ನು ತನ್ನದೇ ಚಿತ್ರದ ಮುಂದೆ ಸೋಲಿಸುವುದು ಅವರಿಬ್ಬರಿಗೂ ಸಹಿಸಲಾಗಲಿಲ್ಲ ಎಂದು ಕಾಣುತ್ತದೆ.

"ಮೊದಲಿನ ಬಣ್ಣಾನ ಇರಲಿ" ಎಂದರು ವಿರೂಪಾಕ್ಷಪ್ಪನವರು. "ಅಚ್ಚಿಗೆ ಯಾವಾಗ ಕೊಡ್ತೀ?"

ನಾನು ಅಲ್ಲೇ ಕೂತು, ನೆನಪಿನ ಮೇಲೆ ನಮ್ಮ ತಾರ್ಕಿಕರಿಗೆ ಯಾಕೆ ಅಷ್ಟು ಮುನಿಸು ಎಂದು ಮೊದಲ ಸಲ ಅರ್ಥ ಮಾಡಿಕೊಂಡೆ. ಧಾರವಾಡದ ಮಳೆ, ಅಲ್ಲಿನ ಚಹಾ, ಗೆಳೆಯರ ಮಾತು ಎಲ್ಲವನ್ನೂ ನಾನು ವರ್ಷ ವರ್ಷ ಇನ್ನೊಂದಿಷ್ಟು ಕೆಂಪು ಮಾಡುತ್ತ ಬಂದಿದ್ದೇನೆ. ಅವುಗಳ ಪಕ್ಕದಲ್ಲಿ ಹಾವೇರಿಯ ಈ ಹೊತ್ತಿನ ಒಳ್ಳೆಯ ಚಹಾ ಕೂಡ ಸಪ್ಪೆಯಾಗಿ ಕಾಣುವುದರಲ್ಲಿ ಚಹಾದ ತಪ್ಪೇನಿದೆ?

ಇಷ್ಟನ್ನೂ ಬರೆದು ಗಿರಿಜಾಗೆ ಓದಲು ಕೊಟ್ಟೆ. ಓದಿ ಮುಗಿಸಿ, ತಾನು ಅಷ್ಟು ಗಟ್ಟಿಯಾಗಿ ಎಲ್ಲಿ ಮಾತಾಡಿದೆ, ಕಾಯಿ ಹಿಡಿದ ಕೈ ನಡುಗುತ್ತಿತ್ತು, ಕೆಲಸ ಹೋಯಿತೆಂದೇ ತಿಳಿದಿದ್ದೆ ಎಂದಳು. ನನಗೆ ನೆನಪಿರುವ ಕೈ ಕಿಂಚಿತ್ತೂ ಅಲುಗಿರಲಿಲ್ಲ. ತಿದ್ದಬೇಕೆಂದು ಪೆನ್ನು ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಹೆಂಡತಿಯ ವಿಷಯದಲ್ಲಿ ಒಂದು ಹನಿ ಕೆಂಪು ಹೆಚ್ಚಾಗಿದ್ದರೆ ಹಾಗೇ ಇರಲಿ.