ನಕ್ಷತ್ರ ಬಿಟ್ಟುಹೋದ ಸಾಲು

ಆಫೀಸಿನಲ್ಲಿ ಅವಳಿಗೆ ನಕ್ಷತ್ರಮ್ಮ ಎಂದು ಅಡ್ಡಹೆಸರು. ರಕ್ತಪರೀಕ್ಷೆಯ ವರದಿಗಳನ್ನು ರೋಗಿಗಳಿಗೆ ತೋರಿಸುವ ಜಾವಾ ವೆಬ್‌ಸೈಟೊಂದನ್ನು ನೋಡಿಕೊಳ್ಳುವುದು ಅವಳ ಕೆಲಸ. ಯಾವ ವಿಳಾಸ ಕೇಳಿಕೊಂಡು ಬಂದವರನ್ನು ಯಾವ ಪ್ರೋಗ್ರಾಮಿನ ಹತ್ತಿರ ಕಳಿಸಬೇಕು ಎಂಬುದನ್ನು ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆಯಬೇಕು. ಹೆರಿಗೆ ರಜೆ ಮುಗಿಸಿ ಬಂದ ಮೊದಲ ವಾರ, ನಿದ್ದೆಗಣ್ಣಲ್ಲಿ, ಅಲ್ಲಿ ಬರೀ /* ಎಂದು ಬರೆದುಬಿಟ್ಟಿದ್ದಳು. ‘ಯಾವ ವಿಳಾಸವಾದರೂ ಸರಿ’ ಎಂದು ಅರ್ಥ ಕೊಡುವ ಆ * ನಕ್ಷತ್ರ, ಚಿತ್ರ ಬಣ್ಣಗಳ ವಿಳಾಸವೂ ಸೇರಿ, ಸಿಕ್ಕಿದ್ದನ್ನೆಲ್ಲ ತನ್ನ ಕಡೆಗೆ ಬಾಚಿಕೊಂಡಿತು. ಚಿತ್ರವಿಲ್ಲ, ಬಣ್ಣವಿಲ್ಲ, ಪುಟವೆಲ್ಲ ಬೋಳು ಬೋಳು. "ಎಲ್ಲಾದಕ್ಕೂ ನಿಮ್ ನಕ್ಷತ್ರನೇ ಬೇಕೇನಮ್ಮಾ?" ಎಂದು ತಂಡದ ಹಿರಿಯ ನಕ್ಕಿದ್ದ. ಹೆಸರು ಅಂಟಿಕೊಂಡಿತು. ಅಂದಿನಿಂದ ನಕ್ಷತ್ರ ಒತ್ತಲು ಅವಳ ಬೆರಳು ಹಿಂಜರಿಯುತ್ತಿತ್ತು.

ಇವತ್ತು ಬೆಳಗ್ಗೆ, ಲಾಗಿನ್ ಆದವರನ್ನಷ್ಟೇ ಒಳಗೆ ಬಿಡುವ ಫಿಲ್ಟರನ್ನು ಹೊಸದಾಗಿ ಜೋಡಿಸಿ, ಸೈಟಿಗೆ ಏರಿಸಿ, ಅರ್ಧ ದಿನ ರಜೆ ಹಾಕಿ, ಮಗುವಿನ ಲಸಿಕೆಗೆಂದು ಅತ್ತೆಯ ಜೊತೆ ಕ್ಲಿನಿಕ್ಕಿಗೆ ಬಂದಿದ್ದಳು. ಮುಂಬಾಗಿಲಲ್ಲಿ ಕಾವಲಿನವನು ಚೀಟಿ ಕೇಳುತ್ತಿದ್ದ. ಪಕ್ಕದ ಬಾಗಿಲಿನಿಂದ ಜನ ನೇರ ಒಳಕೋಣೆಗೆ ನುಗ್ಗುತ್ತಿದ್ದರು; ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ಅವಳಿಗೆ ತಟ್ಟನೆ ಹೊಳೆಯಿತು. ಫಿಲ್ಟರಿಗೆ ತಾನು ಬರೆದದ್ದು /report. /report/* ಅಲ್ಲ. ಅಂದರೆ ಕಾವಲು ಮೊದಲ ಪುಟಕ್ಕೆ ಮಾತ್ರ. ಅದರ ಕೆಳಗಿನ ಒಂದೊಂದು ವರದಿಯೂ ಬಟಾಬಯಲು.

ಬಸುರಿಯಾಗಿದ್ದಾಗ ಮಾಡಿಸಿದ ತನ್ನದೇ ಪರೀಕ್ಷೆಯ ಸಂಖ್ಯೆ ನೆನಪಿತ್ತು. ಅದನ್ನು ಸೇರಿಸಿ ಸೈಟಿನ ವಿಳಾಸವನ್ನು ಫೋನಿನಲ್ಲಿ ಒತ್ತಿದಳು. ಲಾಗಿನ್ ಕೇಳಲೇ ಇಲ್ಲ. ಹಿಮೋಗ್ಲೋಬಿನ್ ಸಮೇತ ತೆರೆದುಕೊಂಡಿತು. ಕೊನೆಯ ಅಂಕಿ ಬದಲಿಸಿದರೆ ಇನ್ಯಾರದ್ದೋ ರಕ್ತ, ಇನ್ಯಾರದ್ದೋ ಗುಟ್ಟು.

"ಮಗು ಅಳ್ತಾ ಇದೆ, ನೀನು ಫೋನ್ ಒತ್ತುತ್ತಾ ಕೂತಿದೀಯಲ್ಲೇ!"

"ಒಂದ್ನಿಮಿಷ ಎತ್ಕೊಳ್ಳಿ ಅತ್ತೆ. ಬಾಗಿಲು ತೆರೆದಿಟ್ಟು ಬಂದ್ಬಿಟ್ಟಿದೀನಿ."

"ಅಯ್ಯೋ, ಮನೇದಾ?"

"ಆಫೀಸಿಂದು."

"ಹೋಗ್ಲಿ ಬಿಡು, ಅಲ್ಲಿ ಜನ ಇರ್ತಾರಲ್ಲ," ಎಂದು ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡರು.

ಸುಮ್ಮನಿದ್ದು, ಸಂಜೆ ಹೋಗಿ ಗುಟ್ಟಾಗಿ ಸರಿಮಾಡಬಹುದಿತ್ತು. ಸಂಜೆಯವರೆಗೆ ಎಷ್ಟು ಜನ ನೋಡುತ್ತಾರೋ. ಕಾರಿಡಾರಿನಲ್ಲಿ ಎರಡು ಸಲ ಆಚೆ ಈಚೆ ನಡೆದು, ಹಿರಿಯನಿಗೆ ಫೋನ್ ಹಚ್ಚಿದಳು.

"ಸಾರ್, ತಪ್ಪು ನಂದೇ. ವರದಿ ಫಿಲ್ಟರಿಗೆ ನಕ್ಷತ್ರ ಹಾಕಿಲ್ಲ. ಈಗಲೇ ಹಾಕಿ."

"ಬೇಡದ ಕಡೆ ಹಾಕ್ತೀರ, ಬೇಕಾದ ಕಡೆ ಬಿಡ್ತೀರ! ಇರಿ, ಹಂಗೇ ಇರಿ..." ಕೀಲಿಗಳ ಪಟಪಟ. ಎಷ್ಟು ಹೊತ್ತು ಹಿಡಿಯಿತೋ. "ಆಯ್ತು. ಮುಚ್ಚಿದೆ."

"ಅಷ್ಟರಲ್ಲಿ ಯಾರಾದ್ರೂ..."

"ಲಾಗ್ ನೋಡ್ತಿದೀನಿ. ಬೆಳಗ್ಗೆಯಿಂದ ಲಾಗಿನ್ ಇಲ್ದೆ ಒಳಗೆ ಬಂದಿರೋದು ಒಬ್ಬರೇ."

"ಯಾರು ಸಾರ್?"

"ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಇರೋ ಒಬ್ಬ ಹೆಂಗಸು. ಹತ್ತು ನಿಮಿಷದ ಹಿಂದೆ, ಫೋನಿಂದ. ಸರಿಯಾಗಿ ಊಟ ಮಾಡಿ ನಕ್ಷತ್ರಮ್ಮ."

ನಗು ಬಂತು; ನಂಬಿಕೆ ಬರಲಿಲ್ಲ. ಅದೇ ವಿಳಾಸವನ್ನು ಮತ್ತೆ ಒತ್ತಿದಳು. ಲಾಗಿನ್ ಪುಟ. ಇನ್ನೊಮ್ಮೆ ಒತ್ತಿದಳು. ಲಾಗಿನ್ ಪುಟ. ಮೂರನೆಯ ಸಲ ಒತ್ತುವಷ್ಟರಲ್ಲಿ ನರ್ಸ್ ಮಗುವಿನ ಚೀಟಿಯ ಸಂಖ್ಯೆ ಕೂಗಿದಳು.